ಐಚ್ಛಿಕ ವಿಷಯಗಳ ಆಯ್ಕೆ

ಎರಡನೆಯ ಪಿ.ಯು.ಸಿ. ಪರೀಕ್ಷೆಯ ಫಲಿತಾಂಶ ಪ್ರಕಟವಾದ ಬಳಿಕ ಪದವಿ ಕಾಲೇಜುಗಳ ಕಚೇರಿಯ ಮುಂದೆ ಸಾಲುಗಟ್ಟಿ ನಿಲ್ಲುವ ತಂದೆತಾಯಿಗಳನ್ನೂ, ಅವರ ಪಕ್ಕದಲ್ಲಿ ಮೌನವಾಗಿ ನಿಂತಿರುವ ಹುಡುಗ ಹುಡುಗಿಯರನ್ನೂ ನಾವು ಅನೇಕ ವರ್ಷಗಳಿಂದ ನೋಡುತ್ತ ಬಂದಿದ್ದೇವೆ. ಅರ್ಜಿಯ ನಮೂನೆಯಲ್ಲಿ ಒಂದು ಸಣ್ಣ ಚೌಕವಿರುತ್ತದೆ. ಅದರಲ್ಲಿ ಮೂರು ಅಕ್ಷರಗಳನ್ನು ಬರೆಯಬೇಕು. ಪಿ.ಸಿ.ಎಂ. ಎಂದು ಬರೆದರೆ ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತ, ಸಿ.ಬಿ.ಝಡ್. ಎಂದು ಬರೆದರೆ ರಸಾಯನವಿಜ್ಞಾನ, ಸಸ್ಯವಿಜ್ಞಾನ, ಪ್ರಾಣಿವಿಜ್ಞಾನ. ಆ ಮೂರು ಅಕ್ಷರಗಳನ್ನು ತುಂಬಲು ಅರ್ಧ ನಿಮಿಷ ಸಾಕು. ಅವುಗಳ ಪರಿಣಾಮವನ್ನು ಅನುಭವಿಸುವುದಕ್ಕೆ ಮಾತ್ರ ಮುಂದಿನ ನಲವತ್ತು ವರ್ಷಗಳು ಬೇಕಾಗುತ್ತವೆ.

ಕೆಲವು ಕಾಲದ ಹಿಂದೆ ಚಿಂತಾಮಣಿಯ ಕಡೆಯ ಒಂದು ಸಭೆಯಲ್ಲಿ ನಾವು ವಿಜ್ಞಾನವನ್ನು ಕುರಿತು ನಾಲ್ಕು ಮಾತುಗಳನ್ನಾಡಿ ಕೆಳಗಿಳಿದಾಗ ರೈತರೊಬ್ಬರು ಮಗಳನ್ನು ಕರೆದುಕೊಂಡು ನಮ್ಮ ಬಳಿಗೆ ಬಂದರು. ಹುಡುಗಿ ಪಿ.ಯು.ಸಿ.ಯಲ್ಲಿ ಗಣಿತವನ್ನೂ ಜೀವವಿಜ್ಞಾನವನ್ನೂ ಒಟ್ಟಿಗೆ ಓದಿ ಒಳ್ಳೆಯ ಅಂಕಗಳನ್ನು ಗಳಿಸಿದ್ದಳು. ವೈದ್ಯಕೀಯ ಪ್ರವೇಶಪರೀಕ್ಷೆಯಲ್ಲಿ ಸೀಟು ದೊರೆಯುವಷ್ಟು ಮೇಲಿನ ಸ್ಥಾನ ಬಂದಿರಲಿಲ್ಲ. ಇನ್ನು ಬಿ.ಎಸ್ಸಿ.ಯೇ ಗತಿ ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. “ಯಾವ ಕಾಂಬಿನೇಷನ್ ತಗೊಂಡ್ರೆ ಮುಂದೆ ಕೆಲಸ ಸಿಗ್ತದೆ, ಅದೊಂದು ಹೇಳಿಬಿಡಿ ಸ್ವಾಮಿ” ಎಂದು ಆ ತಂದೆ ಕೇಳಿದರು. ಪ್ರಶ್ನೆ ನ್ಯಾಯವಾದುದು. ಹೊಟ್ಟೆಯ ಯೋಚನೆಯನ್ನು ಬಿಟ್ಟು ಕೇವಲ ಜ್ಞಾನಕ್ಕಾಗಿ ಓದಬೇಕೆಂದು ಉಪದೇಶಿಸುವವರು ಸಾಮಾನ್ಯವಾಗಿ ಹೊಟ್ಟೆ ತುಂಬಿದವರೇ ಆಗಿರುತ್ತಾರೆ. ಆದರೆ ನ್ಯಾಯವಾದ ಪ್ರಶ್ನೆಗೆಲ್ಲ ಉತ್ತರವಿರುತ್ತದೆ ಎಂದು ಹೇಳಲಾಗದು. ನಾವು ಅವರನ್ನು, “ಈ ವರ್ಷ ಟೊಮೇಟೊ ಇಟ್ಟಿದ್ದೀರಾ?” ಎಂದು ಕೇಳಿದೆವು. ಅವರು ನಕ್ಕುಬಿಟ್ಟರು. ಮಾತು ಅವರಿಗೆ ಅರ್ಥವಾಗಿತ್ತು.

ಟೊಮೇಟೊವಿನ ಬೆಲೆ ಏರಿದ ವರ್ಷ ಎಲ್ಲರೂ ಟೊಮೇಟೊ ನಾಟಿ ಮಾಡುತ್ತಾರೆ. ಬೆಳೆ ಕೈಗೆ ಬರುವಷ್ಟರಲ್ಲಿ ಬೆಲೆ ಕುಸಿದಿರುತ್ತದೆ. ಬುಟ್ಟಿಗಳನ್ನು ರಸ್ತೆಯ ಬದಿಯಲ್ಲಿ ಸುರಿದು ಬರುತ್ತಾರೆ. ಮರುವರ್ಷ ನಾಟಿ ಮಾಡುವವರು ಕಡಮೆ, ಆದುದರಿಂದ ಬೆಲೆ ಮತ್ತೆ ಏರುತ್ತದೆ. ಅರ್ಥಶಾಸ್ತ್ರಜ್ಞರು ಈ ಏರಿಳಿತವನ್ನು ನಕ್ಷೆಯಲ್ಲಿ ಬರೆದು ನೋಡಿದಾಗ ಅದು ಜೇಡರ ಬಲೆಯಂತೆ ಕಂಡಿತು. 1934ರಲ್ಲಿ ನಿಕೊಲಸ್ ಕಾಲ್ಡರ್ ಅದಕ್ಕೆ ಜೇಡರಬಲೆಯ ಸಿದ್ಧಾಂತವೆಂಬ ಹೆಸರನ್ನೇ ಕೊಟ್ಟನು. 1976ರಲ್ಲಿ ಅಮೆರಿಕದ ರಿಚರ್ಡ್ ಫ್ರೀಮನ್ ಎಂಬ ವಿದ್ವಾಂಸನು ಅಲ್ಲಿಯ ಎಂಜಿನಿಯರುಗಳ ಸಂಖ್ಯೆಯೂ ಅವರ ಪ್ರಾರಂಭಿಕ ಸಂಬಳವೂ ಇದೇ ಬಲೆಯಲ್ಲಿ ಸುತ್ತುತ್ತವೆಂದು ತೋರಿಸಿದನು. ಸಂಬಳ ಹೆಚ್ಚಿದಾಗ ಹುಡುಗರು ಗುಂಪಾಗಿ ಆ ವಿಷಯಕ್ಕೆ ನುಗ್ಗುತ್ತಾರೆ. ನಾಲ್ಕು ವರ್ಷಗಳ ಅನಂತರ ಎಲ್ಲರೂ ಒಂದೇ ದಿನ ಸಂತೆಗೆ ಬರುತ್ತಾರೆ.

ಟೊಮೇಟೊ ಮೂರು ತಿಂಗಳ ಮೇಲೆ ಫಲ ಕೊಡತಕ್ಕ ಬೆಳೆ. ಎಂಜಿನಿಯರು ನಾಲ್ಕು ವರ್ಷದ ಬೆಳೆ, ಪಿ.ಯು.ಸಿ.ಗೆ ಸೇರುವಾಗಲೇ ನಿಶ್ಚಯಿಸಿದ್ದರೆ ಆರು ವರ್ಷದ್ದು. ಆರು ವರ್ಷಗಳ ಮುಂದಿನ ಬೆಲೆಯನ್ನು ಇಂದಿನ ಬೆಲೆಯಿಂದ ಊಹಿಸುವುದು ಎಷ್ಟು ಕಷ್ಟವೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ನಿದರ್ಶನಗಳುಂಟು. 1990ರ ದಶಕದ ಕೊನೆಯಲ್ಲಿ ಕಂಪ್ಯೂಟರ್ ವಿಷಯಕ್ಕೆ ಸೇರಿದವರಲ್ಲಿ ಹಲವರು ಹೊರಬಂದುದು 2001ರ ಸುಮಾರಿಗೆ, ಅಮೆರಿಕದ ಅಂತರಜಾಲ ವ್ಯಾಪಾರದ ಗುಳ್ಳೆ ಒಡೆದ ಸಮಯದಲ್ಲಿ. ಅದೇ 2001ರಲ್ಲಿ ಕರ್ನಾಟಕ ಸರ್ಕಾರ ಜೈವಿಕ ತಂತ್ರಜ್ಞಾನಕ್ಕಾಗಿ ಒಂದು ನೀತಿಯನ್ನು ಪ್ರಕಟಿಸಿತು. ಮುಂದಿನ ಕೆಲವು ವರ್ಷಗಳಲ್ಲಿ ಬಯೋಟೆಕ್ನಾಲಜಿ ಎಂಬ ಹಲಗೆಯನ್ನು ತೂಗಹಾಕಿಕೊಂಡ ಕಾಲೇಜುಗಳು ಒಂದರ ಹಿಂದೊಂದು ಎದ್ದುವು. ಹಲಗೆ ಸುಲಭವಾಗಿ ಬಂದಿತು, ಪ್ರಯೋಗಶಾಲೆ ಬರಲಿಲ್ಲ. ಆ ಪದವಿಯನ್ನು ಪಡೆದು ಬ್ಯಾಂಕಿನ ಗುಮಾಸ್ತೆ ಪರೀಕ್ಷೆಗೆ ಓದುತ್ತಿದ್ದ ತರುಣರನ್ನು ನಾವು ಬಲ್ಲೆವು. ಪ್ರಕೃತ ಕೃತಕ ಬುದ್ಧಿಮತ್ತೆಯ ಸರದಿ. 2024ರಲ್ಲಿ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಲಿ ಒಳ್ಳೆಯ ದರ್ಜೆಯ ಕಾಲೇಜುಗಳಲ್ಲಿ ಒಂದೊಂದು ಶಾಖೆಗೆ ಎಷ್ಟು ಸೀಟುಗಳಿರಬೇಕೆಂಬ ಮಿತಿಯನ್ನು ತೆಗೆದುಹಾಕಿತು. ಕಂಪ್ಯೂಟರಿನ ಶಾಖೆಗಳು ಉಬ್ಬುತ್ತ ಹೋದುವು. ಸಿವಿಲ್, ಮೆಕ್ಯಾನಿಕಲ್ ಶಾಖೆಗಳಲ್ಲಿ ಸೀಟುಗಳು ಖಾಲಿ ಉಳಿದ ಸುದ್ದಿ ವರ್ಷವರ್ಷವೂ ಬರುತ್ತಿದೆ. ಕೃತಕ ಬುದ್ಧಿಮತ್ತೆ ಪೊಳ್ಳೆಂದು ನಾವು ಹೇಳುತ್ತಿಲ್ಲ. ಬೆಲೆ ಏರಿದಾಗ ಟೊಮೇಟೊ ಪೊಳ್ಳಾಗಿರುತ್ತದೆಯೆ?

ಹಾಗಾದರೆ ಕೆಲಸದ ಲೆಕ್ಕಾಚಾರವನ್ನು ಬಿಟ್ಟು ‘ನಿನಗೆ ಇಷ್ಟವಾದುದನ್ನು ಓದು’ ಎಂದು ಹೇಳಿದರೆ ಸಾಕಾಗುವುದೆ? ಈಚೆಗೆ ಈ ಮಾತು ಬಹಳ ಕೇಳಿಬರುತ್ತಿದೆ, ಸಿನಿಮಾಗಳಲ್ಲಿಯೂ ಬಂದಿದೆ. ಇದರಲ್ಲಿಯೂ ನಮಗೆ ಪೂರ್ಣ ವಿಶ್ವಾಸವಿಲ್ಲ. ಹದಿನೇಳು ವರ್ಷದ ಹುಡುಗನಿಗೆ ಇಷ್ಟವಾಗಿರುವುದು ವಿಷಯವಲ್ಲ, ವಿಷಯದ ಹೆಸರು. ಇಲ್ಲವೆ ಅದನ್ನು ಚೆನ್ನಾಗಿ ಹೇಳಿಕೊಟ್ಟ ಒಬ್ಬ ಉಪಾಧ್ಯಾಯರು. ಖಗೋಳವಿಜ್ಞಾನವೆಂದರೆ ನಕ್ಷತ್ರಗಳನ್ನು ನೋಡುತ್ತ ಕುಳಿತಿರುವುದೆಂದು ಅವನು ನಂಬಿರುತ್ತಾನೆ. ಅಂಕಿಗಳ ಪಟ್ಟಿಯೊಂದರ ಎದುರಿಗೆ ಹಗಲೆಲ್ಲ ಕುಳಿತು ಉಪಕರಣದ ದೋಷವನ್ನು ಕಳೆಯುವುದೇ ಅದರ ಮುಕ್ಕಾಲು ಪಾಲು ಎಂಬುದನ್ನು ಅವನಿಗೆ ಯಾರೂ ಹೇಳಿರುವುದಿಲ್ಲ.

ಪ್ರತಿಯೊಂದು ವಿಜ್ಞಾನಕ್ಕೂ ಒಂದು ದಿನನಿತ್ಯದ ಕೂಲಿಯುಂಟು. ಭೌತವಿಜ್ಞಾನದಲ್ಲಿ ಅಳತೆ: ವರ್ನಿಯರಿನ ಗೀಟನ್ನು ಕಣ್ಣು ಕಿರಿದುಮಾಡಿ ಓದಿ, ಅದನ್ನೇ ಹತ್ತು ಸಲ ಓದಿ, ಹತ್ತು ಉತ್ತರಗಳು ಏಕೆ ಒಂದೇ ಆಗಲಿಲ್ಲವೆಂದು ಯೋಚಿಸುವುದು. ರಸಾಯನವಿಜ್ಞಾನದಲ್ಲಿ ಬ್ಯೂರೆಟ್ಟಿನಿಂದ ಹನಿಹನಿಯಾಗಿ ದ್ರವವನ್ನು ಬಿಡುತ್ತ ಬಣ್ಣ ತಿರುಗುವ ಆ ಒಂದು ಹನಿಗಾಗಿ ಕಾಯುವುದು, ಬಳಿಕ ಗಾಜಿನ ಸಾಮಾನುಗಳನ್ನು ತೊಳೆದಿಡುವುದು. ತೊಳೆಯುವುದಕ್ಕೆ ಬೇಸರಪಡುವವನು ರಸಾಯನವಿಜ್ಞಾನಿಯಾಗಲಾರನೆಂದು ನಮಗೆ ಕಲಿಸಿದ ಒಬ್ಬ ಗುರುಗಳು ಹೇಳುತ್ತಿದ್ದರು. ಅದು ಕೇವಲ ಬೈಗುಳವೆಂದು ನಾವು ಆಗ ಭಾವಿಸಿದ್ದೆವು. ಸಸ್ಯವಿಜ್ಞಾನದಲ್ಲಿ ಕಾಂಡದ ಚೂರನ್ನು ಬೆರಳುಗಳ ನಡುವೆ ಹಿಡಿದು, ಕ್ಷೌರದ ಅಲಗಿನಿಂದ, ಬೆಳಕು ಹಾಯುವಷ್ಟು ತೆಳುವಾದ ಪದರಗಳನ್ನು ಕತ್ತರಿಸಬೇಕು. ನೂರು ಕತ್ತರಿಸಿದರೆ ಎರಡು ಉಪಯೋಗಕ್ಕೆ ಬರುತ್ತವೆ. ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಓದಿ ಸಸ್ಯವಿಜ್ಞಾನಕ್ಕೆ ಮರುಳಾದವರು ಬಹುಮಂದಿ. ಆ ನಗೆಯ ಹಿಂದೆ ಇಂಥ ತೆಳುಪದರಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಜೀವಮಾನವಿಡೀ ನೋಡಿದ ಕಣ್ಣುಗಳಿದ್ದುವೆಂಬುದು ಅವರಿಗೆ ತಿಳಿದಿರಬೇಕು. ಗಣಿತದ ಕೂಲಿ ಎಲ್ಲಕ್ಕಿಂತ ವಿಚಿತ್ರವಾದುದು. ಅಲ್ಲಿ ಕೈಗೆ ಏನೂ ಕೆಲಸವಿಲ್ಲ. ಒಂದು ಲೆಕ್ಕದ ಮುಂದೆ ಮೂರು ದಿನ ಕುಳಿತು, ಒಂದು ಸಾಲೂ ಮುಂದಕ್ಕೆ ಹೋಗದೆ ನಾಲ್ಕನೆಯ ದಿನವೂ ಬಂದು ಕುಳಿತುಕೊಳ್ಳಬಲ್ಲವನಿಗೆ ಅದು ಒಲಿಯುತ್ತದೆ.

ವಿದ್ಯಾರ್ಥಿಗಳು ತಮ್ಮನ್ನು ತಾವು ಕೇಳಿಕೊಳ್ಳತಕ್ಕ ಪ್ರಶ್ನೆ ಇದು: ಈ ಕೂಲಿಗಳಲ್ಲಿ ಯಾವುದು ನಮಗೆ ಅಷ್ಟಾಗಿ ಬೇಸರ ತರುವುದಿಲ್ಲ? ಪಿ.ಯು.ಸಿ.ಯಲ್ಲಿ ಪ್ರಯೋಗಶಾಲೆಗೆ ಹೋದ ದಿನಗಳನ್ನು ನೆನೆದುಕೊಂಡರೆ ಉತ್ತರದ ಸುಳಿವು ದೊರೆಯುತ್ತದೆ. ಪ್ರವೇಶಪರೀಕ್ಷೆಯ ತರಬೇತಿಯ ಭರದಲ್ಲಿ ಪ್ರಯೋಗಶಾಲೆಯ ಬಾಗಿಲನ್ನೇ ತೆರೆಯದ ಕಾಲೇಜುಗಳೂ ಉಂಟೆಂದು ಕೇಳಿದ್ದೇವೆ. ಅಂಥಲ್ಲಿ ಓದಿದವರಿಗೆ ಈ ಸುಳಿವೂ ಇಲ್ಲ. ಅವರು ಕಣ್ಣು ಕಟ್ಟಿಕೊಂಡು ವಿಷಯವನ್ನು ಆರಿಸಿಕೊಳ್ಳಬೇಕಾಗಿದೆ.

ಇಲ್ಲಿ ಕನ್ನಡದ ಮಕ್ಕಳಿಗೆ ಸಂಬಂಧಿಸಿದ ಇನ್ನೊಂದು ಮಾತನ್ನು ಹೇಳಲೇಬೇಕು. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ವಿಜ್ಞಾನವನ್ನು ಓದಿದ ಹುಡುಗ ಪಿ.ಯು.ಸಿ.ಯಲ್ಲಿ ಒಮ್ಮೆಲೇ ಇಂಗ್ಲಿಷಿಗೆ ಬೀಳುತ್ತಾನೆ. ಮೊದಲ ಕಿರುಪರೀಕ್ಷೆಯಲ್ಲಿ ಭೌತವಿಜ್ಞಾನದಲ್ಲಿ ಹನ್ನೆರಡು ಅಂಕಗಳು ಬರುತ್ತವೆ. ‘ಭೌತವಿಜ್ಞಾನ ನನಗೆ ಹತ್ತುವುದಿಲ್ಲ’ ಎಂದು ಅವನು ತೀರ್ಮಾನಿಸುತ್ತಾನೆ, ಮನೆಯವರೂ ಹೌದೆನ್ನುತ್ತಾರೆ. ಅವನಿಗೆ ಹತ್ತದಿದ್ದುದು ಭೌತವಿಜ್ಞಾನವಲ್ಲ, ಇಂಗ್ಲಿಷು. ವೇಗೋತ್ಕರ್ಷವೆಂದರೆ ಏನೆಂಬುದು ಅವನಿಗೆ ಚೆನ್ನಾಗಿ ಗೊತ್ತು. ಅದಕ್ಕೆ ಆಕ್ಸಿಲರೇಷನ್ ಎಂಬ ಹೆಸರಿದೆಯೆಂದು ಗೊತ್ತಾಗುವುದರೊಳಗೆ ಒಂದು ಅಧ್ಯಾಯ ಮುಗಿದಿರುತ್ತದೆ. ಇಂಥವರಲ್ಲಿ ಎಷ್ಟೋ ಮಂದಿ ಪದವಿಯ ಹೊತ್ತಿಗೆ ವಿಜ್ಞಾನವನ್ನೇ ಬಿಟ್ಟುಬಿಡುತ್ತಾರೆ. ಪರಭಾಷೆಯ ತೊಡಕು ಒಂದೆರಡು ವರ್ಷಗಳಲ್ಲಿ ತೀರತಕ್ಕದ್ದು. ಅದನ್ನು ಬುದ್ಧಿಯ ಮಿತಿಯೆಂದು ತಿಳಿದು ಒಂದು ವಿಷಯವನ್ನು ಎಂದೆಂದಿಗೂ ತೊರೆಯುವುದು ಘೋರವಾದ ತಪ್ಪು. ಅಂಕಗಳನ್ನು ನೋಡಿ ವಿಷಯವನ್ನು ಆರಿಸುವ ಮೊದಲು ಆ ವಿಷಯದ ಒಂದು ಅಧ್ಯಾಯವನ್ನು ಕನ್ನಡದಲ್ಲಿ ಓದಿ ನೋಡಬೇಕೆಂಬುದು ನಮ್ಮ ಸಲಹೆ.

ಈಗ ಆ ಹುಡುಗಿಯ ಕಡೆಗೆ ಬರೋಣ. ಅವಳಿಗೆ ಗಿಡಮರಗಳೆಂದರೆ ಪ್ರೀತಿ. ತಂದೆಯ ತೋಟದಲ್ಲಿ ಎಲೆಮುದುಡು ರೋಗವನ್ನು ಅವರಿಗಿಂತ ಮೊದಲು ಗುರುತಿಸುತ್ತಿದ್ದಳಂತೆ. ಆದುದರಿಂದ ಅವಳು ಸಿ.ಬಿ.ಝಡ್. ತೆಗೆದುಕೊಳ್ಳಬೇಕೆಂದು ಇದ್ದಳು. “ಗಣಿತದಲ್ಲಿ ಎಷ್ಟಮ್ಮ ಬಂದಿತ್ತು?” ಎಂದೆವು. ಜೀವವಿಜ್ಞಾನಕ್ಕಿಂತ ಎರಡು ಅಂಕ ಹೆಚ್ಚೇ ಬಂದಿತ್ತು. “ಆದರೆ ಸರ್, ಬಯಾಲಜಿಗೆ ಗಣಿತ ಬೇಡವಲ್ಲ!” ಎಂದಳು.

ಈ ಮಾತೇ ನಮ್ಮನ್ನು ಇಷ್ಟು ದೀರ್ಘವಾಗಿ ಬರೆಯಲು ಪ್ರೇರಿಸಿದುದು. ಜೀವವಿಜ್ಞಾನಕ್ಕೆ ಗಣಿತ ಬೇಡವೆಂಬ ಭಾವನೆ ನಮ್ಮ ಕಾಲೇಜುಗಳಲ್ಲಿ ಎಷ್ಟು ಆಳವಾಗಿ ಬೇರೂರಿದೆಯೆಂದರೆ, ವಿಷಯಗಳ ಕಟ್ಟುಗಳನ್ನೇ ಅದಕ್ಕೆ ತಕ್ಕಂತೆ ಕಟ್ಟಿಟ್ಟಿದ್ದೇವೆ. ಗಣಿತವಿದ್ದ ಕಡೆ ಜೀವವಿಲ್ಲ, ಜೀವವಿದ್ದ ಕಡೆ ಗಣಿತವಿಲ್ಲ. ಚರಿತ್ರೆ ಹೇಳುವುದೇ ಬೇರೆ. ಚಾರ್ಲ್ಸ್ ಡಾರ್ವಿನ್ನನನ್ನು ಅವನ ತಂದೆ 1825ರಲ್ಲಿ ವೈದ್ಯವನ್ನು ಓದಲು ಎಡಿನ್‌ಬರೋಗೆ ಕಳುಹಿಸಿದನು. ಅರಿವಳಿಕೆಯಿಲ್ಲದ ಆ ಕಾಲದ ಶಸ್ತ್ರಚಿಕಿತ್ಸೆಯನ್ನು ನೋಡಲಾರದೆ ಹುಡುಗ ಹಿಂದಿರುಗಿದನು. ಬಳಿಕ ಪಾದ್ರಿಯಾಗಲೆಂದು ಕೇಂಬ್ರಿಜ್ಜಿಗೆ ಕಳುಹಿಸಿದರು. ಅಲ್ಲಿ ಅವನು ಜೀರುಂಡೆಗಳನ್ನು ಸಂಗ್ರಹಿಸುತ್ತ, ಸಸ್ಯವಿಜ್ಞಾನದ ಪ್ರಾಧ್ಯಾಪಕ ಹೆನ್‌ಸ್ಲೋ ಜೊತೆಯಲ್ಲಿ ತಿರುಗುತ್ತ ಕಾಲ ಕಳೆದನು. ಇಷ್ಟನ್ನು ಎಲ್ಲರೂ ಬಲ್ಲರು. ತಂದೆತಾಯಿಗಳ ಮಾತು ಕೇಳಬಾರದೆಂಬುದಕ್ಕೆ ಇದನ್ನು ಉದಾಹರಿಸುವುದೂ ಉಂಟು. ಅವನು ಮುದಿತನದಲ್ಲಿ ಬರೆದ ಆತ್ಮಕಥೆಯಲ್ಲಿ, ಗಣಿತದ ಮೂಲತತ್ತ್ವಗಳನ್ನಾದರೂ ತಿಳಿಯುವಷ್ಟು ದೂರ ಹೋಗಲಿಲ್ಲವಲ್ಲ ಎಂದು ಮರುಗಿದುದನ್ನು ಮಾತ್ರ ಯಾರೂ ಹೇಳುವುದಿಲ್ಲ.

ಆ ಮರುಕ ಅಕಾರಣವಾದುದಲ್ಲ. ಡಾರ್ವಿನ್ ಆಂಟಿರೈನಮ್ ಎಂಬ ತೋಟದ ಹೂಗಿಡದ ಎರಡು ಬಗೆಗಳನ್ನು ಕೂಡಿಸಿ ಬೆಳೆಸಿದ್ದನು. ಮೊದಲ ಪೀಳಿಗೆಯಲ್ಲಿ ಎಲ್ಲವೂ ಸಾಮಾನ್ಯ ರೂಪದ ಹೂಗಳು. ಎರಡನೆಯ ಪೀಳಿಗೆಯ 127 ಗಿಡಗಳಲ್ಲಿ 88 ಸಾಮಾನ್ಯ ರೂಪದವು, 37 ವಿಲಕ್ಷಣ ರೂಪದವು, ಎರಡು ನಡುವಣವು. 1868ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಈ ಅಂಕಿಗಳನ್ನು ಅವನೇ ಅಚ್ಚುಹಾಕಿಸಿದನು. ಅಚ್ಚುಹಾಕಿಸಿ ಮುಂದಕ್ಕೆ ಹೋದನು. ಅದಕ್ಕೆ ಎರಡು ವರ್ಷಗಳ ಹಿಂದೆ, 1866ರಲ್ಲಿ, ಗ್ರೆಗರ್ ಮೆಂಡೆಲ್ ಎಂಬ ಮಠದ ಸನ್ಯಾಸಿ ಬಟಾಣಿ ಗಿಡಗಳ ಮೇಲೆ ಮಾಡಿದ ಇಂಥದೇ ಪ್ರಯೋಗದ ಫಲವನ್ನು ಪ್ರಕಟಿಸಿದ್ದನು. ಅವನ ಎಣಿಕೆಯಲ್ಲಿ ದುಂಡನೆಯ ಬೀಜಗಳು 5474, ಸುಕ್ಕಾದ ಬೀಜಗಳು 1850. ಭಾಗಿಸಿದರೆ 2.96. ಇದನ್ನು ಮೂರಕ್ಕೆ ಒಂದೆಂದು ಅವನು ಓದಿದನು. ಪ್ರತಿಯೊಂದು ಲಕ್ಷಣಕ್ಕೂ ತಂದೆಯಿಂದ ಒಂದು, ತಾಯಿಯಿಂದ ಒಂದು ಅಂಶ ಬಂದು ಕೂಡಿದರೆ ಮಾತ್ರ ಇಂಥ ಪ್ರಮಾಣ ಬರುವುದೆಂದು ಊಹಿಸಿದನು. ಅನುವಂಶೀಯತೆಯ ವಿಜ್ಞಾನ ಆ ಭಾಗಾಕಾರದಿಂದ ಹುಟ್ಟಿತು. ಮೆಂಡೆಲ್ 1851ರಿಂದ 1853ರವರೆಗೆ ವಿಯನ್ನಾದಲ್ಲಿ ಓದಿದ ವಿಷಯಗಳಲ್ಲಿ ಭೌತವಿಜ್ಞಾನ ಮುಖ್ಯವಾದುದು. ಡಾಪ್ಲರ್ ಅವನಿಗೆ ಗುರು. ಸಂಯೋಜನೆಗಳ ಗಣಿತವನ್ನೂ ಅಲ್ಲಿಯೇ ಕಲಿತಿದ್ದನು. ಡಾರ್ವಿನ್ನನ ಎಣಿಕೆ ಸಣ್ಣದು, ಅವನ ಪ್ರಮಾಣ ಮೂರಕ್ಕೆ ಅಷ್ಟು ಸಮೀಪವೂ ಅಲ್ಲ, ಅವನ ಮನಸ್ಸು ಬೇರೆ ಪ್ರಶ್ನೆಗಳಲ್ಲಿ ತೊಡಗಿತ್ತು. ಎಲ್ಲವನ್ನೂ ಗಣಿತದ ಮೇಲೆ ಹೊರಿಸುವುದು ನ್ಯಾಯವಲ್ಲ. ಆದರೂ ಒಂದೇ ಬಗೆಯ ಅಂಕಿಗಳು ಇಬ್ಬರು ಮಹಾಪುರುಷರ ಮುಂದೆ ಬಂದಾಗ ಒಬ್ಬನಿಗೆ ಮಾತ್ರ ಅವು ಮಾತಾಡಿದುವು ಎಂಬುದು ನಿಜ.

ನಮ್ಮ ದೇಶದಲ್ಲಿಯೂ ಇದಕ್ಕೆ ನಿದರ್ಶನಗಳಿಲ್ಲದೆ ಇಲ್ಲ. ಜಿ.ಎನ್. ರಾಮಚಂದ್ರನ್ 1942ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಸೇರಿದುದು ವಿದ್ಯುತ್ ಎಂಜಿನಿಯರಿಂಗ್ ವಿಭಾಗಕ್ಕೆ. ಸ್ವಲ್ಪ ಕಾಲದಲ್ಲಿಯೇ ಭೌತವಿಜ್ಞಾನಕ್ಕೆ ಬದಲಾಯಿಸಿಕೊಂಡು ಸಿ.ವಿ. ರಾಮನ್ ಅವರ ಶಿಷ್ಯರಾದರು. ಮುಂದೆ ಮದರಾಸಿನಲ್ಲಿ, ಚರ್ಮದಲ್ಲಿಯೂ ಸ್ನಾಯುರಜ್ಜುಗಳಲ್ಲಿಯೂ ಇರುವ ಕೊಲ್ಯಾಜನ್ ಎಂಬ ಪ್ರೋಟೀನು ಮೂರೆಳೆಯ ಹುರಿಯೆಂದು ತೋರಿಸಿದರು. 1963ರಲ್ಲಿ ಸಹೋದ್ಯೋಗಿಗಳೊಡನೆ ಪ್ರಕಟಿಸಿದ ನಕ್ಷೆ, ಪ್ರೋಟೀನಿನ ಸರಪಳಿ ಯಾವ ಯಾವ ಕೋನಗಳಲ್ಲಿ ಬಾಗಬಲ್ಲದೆಂಬುದನ್ನು ತಿಳಿಸುವಂಥದು, ಇಂದಿಗೂ ಜಗತ್ತಿನ ಜೀವರಸಾಯನದ ಪಠ್ಯಗಳಲ್ಲೆಲ್ಲ ಅವರ ಹೆಸರಿನಿಂದಲೇ ಇದೆ. ವೆಂಕಟರಾಮನ್ ರಾಮಕೃಷ್ಣನ್ ಬರೋಡದಲ್ಲಿ ಬಿ.ಎಸ್ಸಿ. ಓದಿದುದೂ ಅಮೆರಿಕದಲ್ಲಿ ಡಾಕ್ಟೊರೇಟ್ ಪಡೆದುದೂ ಭೌತವಿಜ್ಞಾನದಲ್ಲಿ. ಆ ಪದವಿಯ ಮೇಲೆ ಜೀವವಿಜ್ಞಾನದ ತರಗತಿಗಳಲ್ಲಿ ಮತ್ತೆ ವಿದ್ಯಾರ್ಥಿಯಾಗಿ ಕುಳಿತರು. 2009ರಲ್ಲಿ ನೊಬೆಲ್ ಬಹುಮಾನ ಬಂದುದು ರಸಾಯನವಿಜ್ಞಾನಕ್ಕೆ. ಡಿ.ಎನ್.ಎ.ಯ ರಚನೆಯನ್ನು ಕಂಡ ಫ್ರಾನ್ಸಿಸ್ ಕ್ರಿಕ್ ಮೊದಲು ಭೌತವಿಜ್ಞಾನದ ಪದವೀಧರ.

ಇವುಗಳನ್ನು ಕೇಳಿ, ಹಾಗಾದರೆ ಯಾವ ವಿಷಯವನ್ನು ತೆಗೆದುಕೊಂಡರೇನು, ಮುಂದೆ ಬದಲಾಯಿಸಿಕೊಳ್ಳಬಹುದಲ್ಲ ಎಂದು ವಾಚಕರು ಹೇಳಬಹುದು. ಹಾಗಲ್ಲ. ಈ ದಾರಿಯಲ್ಲಿ ಹೋಗುವವರೆಲ್ಲ ಒಂದೇ ದಿಕ್ಕಿಗೆ ಹೋಗಿದ್ದಾರೆಂಬುದನ್ನು ಗಮನಿಸಬೇಕು. ಗಣಿತ, ಭೌತವಿಜ್ಞಾನಗಳಿಂದ ಜೀವವಿಜ್ಞಾನಕ್ಕೆ ಬಂದವರು ಬಹಳ. ಇಪ್ಪತ್ತೈದನೆಯ ವಯಸ್ಸಿನಲ್ಲಿ ಸಸ್ಯವಿಜ್ಞಾನದಿಂದ ಭೌತವಿಜ್ಞಾನಕ್ಕೆ ಹೋದವರು ಅತಿ ವಿರಳ. ಸಸ್ಯಗಳ ಹೆಸರನ್ನೂ ಅಂಗಗಳನ್ನೂ ಮೂವತ್ತನೆಯ ವಯಸ್ಸಿನಲ್ಲಿ ಕಲಿಯಬಹುದು, ಸ್ವಂತ ಓದಿನಿಂದಲೂ ಕಲಿಯಬಹುದು. ಗಣಿತ ಮೆಟ್ಟಿಲುಮೆಟ್ಟಿಲಾಗಿ ಏರತಕ್ಕದ್ದು; ನಡುವೆ ಮೂರು ವರ್ಷ ಬಿಟ್ಟರೆ ಏರಿದ್ದ ಮೆಟ್ಟಿಲುಗಳೂ ಕುಸಿಯುತ್ತವೆ. ಆದುದರಿಂದ ಮನಸ್ಸು ನಿಶ್ಚಯವಾಗದವರಿಗೆ ನಾವು ಹೇಳುವುದು ಇಷ್ಟೆ: ಗಣಿತ ನಿಮಗೆ ಸ್ವಲ್ಪಮಟ್ಟಿಗಾದರೂ ಬರುತ್ತಿದ್ದರೆ ಅದನ್ನು ಕೈಬಿಡಬೇಡಿ, ಅದು ಸಾಧ್ಯವಾಗದಿದ್ದರೆ ಸಂಖ್ಯಾಶಾಸ್ತ್ರವನ್ನಾದರೂ ಇಟ್ಟುಕೊಳ್ಳಿ. ಇಂದು ರೋಗಗಳ ಹರಡುವಿಕೆಯನ್ನು ಲೆಕ್ಕ ಹಾಕುವುದೂ, ಜೀನುಗಳ ಉದ್ದನೆಯ ಬರೆಹವನ್ನು ಓದುವುದೂ, ಪಶ್ಚಿಮ ಘಟ್ಟದ ಕಾಡಿನಲ್ಲಿ ಹುಲಿಗಳನ್ನು ಎಣಿಸುವುದೂ ಗಣಿತವಿಲ್ಲದೆ ನಡೆಯುವುದಿಲ್ಲ. ಗಣಿತವೆಂದರೆ ನಿಜವಾಗಿಯೂ ಮೈ ನಡುಗುವವರು ಜೀವವಿಜ್ಞಾನಕ್ಕೆ ಬರಬಾರದೆಂದು ಇದರ ಅರ್ಥವಲ್ಲ. ಕಣ್ಣಿನ ತಾಳ್ಮೆಯೂ ಒಂದು ದೊಡ್ಡ ಶಕ್ತಿಯೇ, ಅದಕ್ಕೂ ಅಲ್ಲಿ ಬೇಕಾದಷ್ಟು ಕೆಲಸವಿದೆ.

ವಿದ್ಯಾರ್ಥಿಗಳಿಗೆ ಮಾತ್ರ ಉಪದೇಶ ಮಾಡಿ ವಿಶ್ವವಿದ್ಯಾನಿಲಯಗಳನ್ನು ಬಿಟ್ಟುಬಿಡುವುದು ಸರಿಯಲ್ಲ. ಹದಿನೇಳರಲ್ಲಿ ಆರಿಸಿಕೊಳ್ಳುವುದು ಕಷ್ಟವಾದರೆ ಹತ್ತೊಂಬತ್ತರಲ್ಲಿ ಆರಿಸಿಕೊಳ್ಳುವಂತೆ ಮಾಡಬಹುದು. ಬೆಂಗಳೂರಿನ ವಿಜ್ಞಾನ ಸಂಸ್ಥೆ 2011ರಲ್ಲಿ ಪ್ರಾರಂಭಿಸಿದ ನಾಲ್ಕು ವರ್ಷಗಳ ಪದವಿಯಲ್ಲಿ ಮೊದಲ ಮೂರು ಅರ್ಧವರ್ಷಗಳ ಕಾಲ ಎಲ್ಲರೂ ಗಣಿತ, ಭೌತ, ರಸಾಯನ, ಜೀವವಿಜ್ಞಾನಗಳನ್ನು ಸಮಾನವಾಗಿ ಓದಿ, ಬಳಿಕ ಪ್ರಧಾನ ವಿಷಯವನ್ನು ಆರಿಸಿಕೊಳ್ಳುವ ಏರ್ಪಾಡಾಯಿತು. ಈ ಸೌಲಭ್ಯ ಕೆಲವೇ ಮಂದಿಗೆ ದೊರೆಯತಕ್ಕದ್ದು. ನಾಡಿನ ಉಳಿದ ಕಾಲೇಜುಗಳಲ್ಲಿ 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷಗಳ ಪದವಿಯ ಹೊಸ ಕ್ರಮ ಬಂದಿತು. 2024ರಲ್ಲಿ ಅದು ಹೋಗಿ ಮೂರು ವರ್ಷಗಳ ಪದವಿಯೇ ಹಿಂದಿರುಗಿತು. ಎರಡಕ್ಕೂ ವಾದಗಳಿದ್ದುವು, ಎರಡರಲ್ಲಿಯೂ ಹುರುಳಿತ್ತು. ಆದರೆ ಅಣ್ಣ ಒಂದು ಕ್ರಮದಲ್ಲಿ, ತಂಗಿ ಇನ್ನೊಂದು ಕ್ರಮದಲ್ಲಿ ಓದಿದ ಮನೆಗಳಲ್ಲಿ ಒಬ್ಬರ ಅನುಭವ ಇನ್ನೊಬ್ಬರಿಗೆ ಉಪಯೋಗಕ್ಕೆ ಬರಲಿಲ್ಲ. ಪದವಿಗೆ ಎಷ್ಟು ವರ್ಷವೆಂಬ ಚರ್ಚೆಯ ಗದ್ದಲದಲ್ಲಿ, ಯಾವ ವಿಷಯದೊಡನೆ ಯಾವ ವಿಷಯವನ್ನು ಓದಬಹುದೆಂಬ ಪ್ರಶ್ನೆ ಬಹುಮಟ್ಟಿಗೆ ಮೂಲೆಗೆ ಸರಿಯಿತು.

ತಾಲ್ಲೂಕು ಕೇಂದ್ರಗಳ ಕಾಲೇಜುಗಳಲ್ಲಂತೂ ಆಯ್ಕೆ ಎಂಬ ಮಾತೇ ಹಾಸ್ಯಾಸ್ಪದವಾಗುತ್ತದೆ. ಯಾವ ವಿಷಯಕ್ಕೆ ಅಧ್ಯಾಪಕರಿದ್ದಾರೆಯೋ ಅದು ವಿಷಯ. ಇರುವವರಲ್ಲಿಯೂ ಅನೇಕರು ವರ್ಷವರ್ಷವೂ ಹೊಸದಾಗಿ ನೇಮಕಗೊಳ್ಳಬೇಕಾದ ಅತಿಥಿ ಉಪನ್ಯಾಸಕರು. ತಾವೇ ಮುಂದಿನ ವರ್ಷ ಇರುವೆವೋ ಇಲ್ಲವೋ ತಿಳಿಯದವರು ಹುಡುಗರಿಗೆ ಮುಂದಿನ ದಾರಿಯನ್ನು ಹೇಗೆ ಹೇಳಿಯಾರು?

ಆ ಹುಡುಗಿ ನಮ್ಮ ಮಾತು ಕೇಳಿ, ರಸಾಯನವಿಜ್ಞಾನ, ಸಸ್ಯವಿಜ್ಞಾನ, ಗಣಿತ ಈ ಮೂರನ್ನು ಕೊಡಿರೆಂದು ತಮ್ಮ ಊರಿನ ಕಾಲೇಜಿನಲ್ಲಿ ಕೇಳಿದಳಂತೆ. ಅಂಥ ಕಟ್ಟು ಇಲ್ಲವೆಂದೂ, ಗಣಿತದ ತರಗತಿಯೂ ಸಸ್ಯವಿಜ್ಞಾನದ ಪ್ರಯೋಗವೂ ಒಂದೇ ವೇಳೆಯಲ್ಲಿ ನಡೆಯುವುದರಿಂದ ಸಾಧ್ಯವಾಗದೆಂದೂ ಗುಮಾಸ್ತರು ವೇಳಾಪಟ್ಟಿಯನ್ನು ತೋರಿಸಿದರಂತೆ. ಕೊನೆಗೆ ಅವಳು ಸಿ.ಬಿ.ಝಡ್.ಗೇ ಸೇರಿದಳು. ಮೊನ್ನೆ ಅವಳ ತಂದೆ ದೂರವಾಣಿಯಲ್ಲಿ ಮಾತನಾಡಿದರು. ಪಿ.ಯು.ಸಿ.ಯಲ್ಲಿ ಗಣಿತ ಹೇಳಿಕೊಟ್ಟ ಮೇಷ್ಟರು ಭಾನುವಾರ ಬೆಳಗ್ಗೆ ತಮ್ಮ ಮನೆಯಲ್ಲಿ ಅವಳಿಗೂ ಇನ್ನಿಬ್ಬರಿಗೂ ಕಲನಶಾಸ್ತ್ರವನ್ನು ಹೇಳಿಕೊಡುತ್ತಿದ್ದಾರೆ, ಹಣ ಬೇಡವೆಂದಿದ್ದಾರೆ. “ಟೊಮೇಟೊ ಒಂದು ಬುಟ್ಟಿ ಕಳಿಸ್ತೀನಿ ಸ್ವಾಮಿ, ಈ ಸಲ ಬೆಲೆ ಇಲ್ಲ ಹೆಂಗೂ” ಎಂದರು.